ಬೀಗತಿಯ ಉಂಡಿ

ಮದುವೆಯ ದಿನ ಬೀಗತಿಯ ಬಾಯಿಗೆ ಉಂಡಿ ತುರುಕುವುದು ಜೇವರ್ಗಿಯ ಜಗದೇವಿಯ ಮನೆತನದಲ್ಲಿ ಮೊದಲಿನಿಂದ ನಡೆದು ಬಂದ ಪದ್ಧತಿ. ತುರುಕುವುದು ಎಂದರೆ ತುರುಕುವುದೇ. ಚೂರು ಮುರಿದು ತುಟಿಗೆ ತಾಗಿಸುವ ನಾಜೂಕು ಆ ಮನೆಯಲ್ಲಿಲ್ಲ. ಗೋಧಿಹಿಟ್ಟು, ಬೆಲ್ಲ, ಒಣಕೊಬ್ಬರಿ ಸೇರಿಸಿ ತುಪ್ಪದಲ್ಲಿ ಕಟ್ಟಿದ, ಒಳ್ಳೆಯ ನಿಂಬೆಹಣ್ಣಿನಷ್ಟು ದಪ್ಪ ಉಂಡಿ ಇಡಿಯಾಗಿ ಒಳಗೆ ಹೋಗಬೇಕು. ಬೀಗತಿಯ ಕೆನ್ನೆ ಉಬ್ಬಬೇಕು, ಕಣ್ಣಲ್ಲಿ ನೀರು ಬರಬೇಕು, ಸುತ್ತ ನಿಂತ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗಬೇಕು. ಆಮೇಲೆ ಆಕೆಯೂ ಇವರ ಬಾಯಿಗೆ ಒಂದು ತುರುಕಿ ಸೇಡು ತೀರಿಸಿಕೊಳ್ಳಬೇಕು. ಇಷ್ಟಾದರೆ ಎರಡು ಮನೆ ಒಂದಾದವು ಎಂದು ಅರ್ಥ.

ಆ ಉಂಡಿಯನ್ನು ಆಳಂದ ತಾಲೂಕಿನ ಮಾದನಹಿಪ್ಪರಗಾದ ಸುಭದ್ರಾಬಾಯಿ ತಿನ್ನಲಿಲ್ಲ.

ಹೋದ ವರ್ಷದ ಮಾತು. ಒಬ್ಬಳೇ ಮಗಳು ಭಾಗ್ಯಜ್ಯೋತಿಯ ತಲೆಯ ಮೇಲೆ ಅಕ್ಕಿಕಾಳು ಬಿದ್ದು ಇನ್ನೂ ತಾಸು ಕಳೆದಿರಲಿಲ್ಲ. ವರನ ತಾಯಿ ಜಗದೇವಿ ಉಂಡಿ ಹಿಡಿದು ಬಂದಳು. ಬೆನ್ನಿಗೆ ಹೆಂಗಸರ ದಂಡು, ದಂಡಿನ ಬಾಯಲ್ಲಿ ಬೀಗರನ್ನು ಹೀಯಾಳಿಸುವ ಹಾಡು. ಸುಭದ್ರಾಬಾಯಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಹಿಂದೆ ಸರಿದಳು.

"ನಂದು ಇವತ್ತ ಉಪಾಸ ಅದರಿ ಬೀಗರ. ಬಾಯಾಗ ಏನೂ ಹಾಕ್ಕೊಳ್ಳಂಗಿಲ್ಲ" ಎಂದಳು.

ಹೆತ್ತ ಮಗಳ ಮದುವೆಯ ದಿನ ತಾಯಿಗೆ ಉಪವಾಸ! ಸುಳ್ಳು ಹೇಳುವುದಕ್ಕೂ ಒಂದು ಹದ ಬೇಕು. ಗಾಬರಿಯಲ್ಲಿ ಆ ಹದ ಎಲ್ಲಿಂದ ಬರಬೇಕು? ಜಗದೇವಿಯ ಕೈ ಅಲ್ಲೇ ನಿಂತಿತು. ಹಾಡೂ ನಿಂತಿತು. ಹಿಂದಿನಿಂದ ಯಾರೋ, "ಆಳಂದ ಕಡಿ ಮಂದಿ ಭಾಳ ದೊಡ್ಡವರು ಬೇ. ನಮ್ಮ ಕೈಯಾಂದು ಅವರಿಗಿ ಹೆಂಗ ಸೇರಬೇಕು?" ಎಂದದ್ದು ಎಲ್ಲರಿಗೂ ಕೇಳಿಸಿತು. ಜಗದೇವಿ ಉಂಡಿಯನ್ನು ತಾಟಿನಲ್ಲಿಟ್ಟು, ತಾಟಿಗೆ ಸೆರಗು ಮುಚ್ಚಿಕೊಂಡು ಒಳಗೆ ಹೋದಳು. ಮದುವೆ ಮುಗಿಯುವ ತನಕ ಸುಭದ್ರಾಬಾಯಿಯ ಮುಖ ನೋಡಲಿಲ್ಲ.

ನಿಜ ಏನೆಂದರೆ, ಸುಭದ್ರಾಬಾಯಿಯ ಬಾಯಿ ತೆರೆಯುತ್ತಿರಲಿಲ್ಲ.

ಅದು ಶುರುವಾದದ್ದು ಒಂದು ಹಲ್ಲುನೋವಿನಿಂದ. ಭಾಗ್ಯಜ್ಯೋತಿ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ತೊಗರಿ ಹೊಲದಲ್ಲಿ ಕಸ ತೆಗೆಯುವಾಗ ದವಡೆ ಹಿಡಿದು ಕೂತವಳಿಗೆ ಜೊತೆಯ ಹೆಂಗಸೊಬ್ಬಳು ಒಂದು ಚಿಟಿಕೆ ಗುಟಕಾ ಒಸಡಿಗೆ ಒತ್ತಿಕೋ ಎಂದು ಕೊಟ್ಟಳು. ನೋವು ಹೋಯಿತು, ಗುಟಕಾ ಉಳಿಯಿತು. ಮೊದಲು ಹೊಲದಲ್ಲಿ ಮಾತ್ರ, ಆಮೇಲೆ ಅಡಿಗೆ ಮಾಡುವಾಗ, ಆಮೇಲೆ ಎದ್ದ ಕೂಡಲೇ. ವರ್ಷಗಳು ಕಳೆದಂತೆ ಖಾರ ತಿಂದರೆ ಬಾಯಿ ಉರಿಯತೊಡಗಿತು. ಕೆನ್ನೆಯ ಒಳಗಿನ ತೊಗಲು ಬಿಳಿಚಿ, ಹಗ್ಗದ ಹಾಗೆ ಬಿಗಿಯಿತು. ಕೊನೆಗೆ ರೊಟ್ಟಿಯ ತುತ್ತು ನೆಟ್ಟಗೆ ಒಳಗೆ ಹೋಗದೆ, ಬೇಳೆಸಾರಿನಲ್ಲಿ ನೆನೆಸಿ ಹಿಂಡಿ ಬೆರಳಿನಿಂದ ದೂಡಬೇಕಾಯಿತು. ಮಗಳು ಕೇಳಿದರೆ, "ಹಲ್ಲ ಬ್ಯಾನಿ" ಎನ್ನುತ್ತಿದ್ದಳು.

ಅವಳ ಗಂಡ ನಾಗಣ್ಣ ಊರಿನ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುವವನು. ಅವನೂ ಅದೇ ಗುಟಕಾ ತಿನ್ನುತ್ತಿದ್ದ, ಗಿರಣಿಯ ಬಾಗಿಲಲ್ಲಿ ನಿಂತು ರಾಜಾರೋಷವಾಗಿ ಉಗುಳುತ್ತಿದ್ದ. ಯಾರೂ ಏನೂ ಅನ್ನಲಿಲ್ಲ. ಗಂಡಸು ಉಗುಳಿದರೆ ಅದು ಚಟ, ಹೆಂಗಸು ಉಗುಳಿದರೆ ಮಾನಗೇಡು. ಈ ತಕ್ಕಡಿ ಯಾವ ಪುಣ್ಯಾತ್ಮ ಕಟ್ಟಿದನೋ ಗೊತ್ತಿಲ್ಲ, ಆದರೆ ನಮ್ಮಲ್ಲಿ ಎಲ್ಲರೂ ಅದರಲ್ಲೇ ತೂಗುತ್ತಾರೆ. ಸುಭದ್ರಾಬಾಯಿಯೂ ತನ್ನನ್ನು ಅದರಲ್ಲೇ ತೂಗಿಕೊಂಡಳು. ಮಂಚದ ಕೆಳಗೆ ಉಗುಳಲು ಒಂದು ಡಬ್ಬಿ ಇಟ್ಟಿದ್ದಳು. ನಾನೂ ಆ ಡಬ್ಬಿಯೂ ಒಂದೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಊರಿನಲ್ಲಿ ಯಾರ ಮನೆಯ ಕಾರ್ಯವಾದರೂ ಬಾಗಿಲ ಹತ್ತಿರವೇ ಕೂತು, ಪಂಕ್ತಿ ಹಾಕುವ ಮೊದಲೇ ಎದ್ದು ಬರುತ್ತಿದ್ದಳು. ನಗು ಬಂದರೆ ಸೆರಗು, ಮಾತು ಬಂದರೆ ಸೆರಗು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯನ್ನು ಅವಳಷ್ಟು ನಂಬಿದವರು ಯಾರೂ ಇರಲಿಕ್ಕಿಲ್ಲ.

ಶ್ರಾವಣದಲ್ಲಿ ಜೇವರ್ಗಿಯಿಂದ ಮಗಳ ಫೋನು ಬಂತು. ಭಾಗ್ಯಜ್ಯೋತಿಗೆ ದಿನ ನಿಂತಿದ್ದವು, ಬಸುರಾಗಿದ್ದಳು. ಸುಭದ್ರಾಬಾಯಿ ಹಿಗ್ಗಿ ಹೀರೇಕಾಯಿಯಾದಳು. ಆದರೆ ಮಗಳ ದನಿಯಲ್ಲಿ ಹಿಗ್ಗು ಅರ್ಧವೇ ಇತ್ತು.

"ಯವ್ವಾ, ತೊಗರಿ ಕೊಯ್ಯೋ ಟೈಮಿಗಿ ಬಸರಿ ಕುಬಸ ಮಾಡಬೇಕಂತಾರ. ನೀ ಹಸರ ಸೀರಿ, ಬಳಿ ತಗೊಂಡು ಬರಬೇಕು."

"ಬರ್ತೇನಿ ತಂಗಿ. ಬರಲಾರದ ಹೆಂಗ ಇರಲಿ?"

"ಬಂದು ಹೋದಸಲದಂಗ ಮಾಡಂಗಿದ್ರ ಬರಬ್ಯಾಡ." ಮಗಳು ಅಳತೊಡಗಿದಳು. "ನಾ ಒಂದು ತಾಟ ತೊಳದ್ರ, ನಿಮ್ಮವ್ವಗ ನಮ್ಮನಿ ತಾಟ ಸೇರಂಗಿಲ್ಲ, ನಿಂಗ ಸೇರತದೇನು ಅಂತಾರ ಅತ್ತಿ. ನಾ ಅಡಗಿ ಮಾಡಿದ್ರ, ನಿಮ್ಮವ್ವಗ ನಮ್ಮ ಅನ್ನ ಹೊಲಸು ಅಂತಾರ. ದಿನಾ ಅದೇ ಉಂಡಿ ಯವ್ವಾ. ವರ್ಷಾತು, ಆ ಉಂಡಿ ಇನ್ನಾ ಆರವಲ್ದು. ಕುಬಸದಾಗ ಮತ್ತ ಉಂಡಿ ತರ್ತಾರ. ಒಂದ ಉಂಡಿ ತಿನ್ನಲಿಕ್ಕ ನಿಂಗ ಏನ ಆಗೇದ?"

ಆಗಲೂ ಸುಭದ್ರಾಬಾಯಿಯ ಕೆನ್ನೆಯಲ್ಲಿ ಗುಟಕಾ ಇತ್ತು. ಫೋನಿಟ್ಟು ಹಿತ್ತಲಿಗೆ ಹೋಗಿ ಉಗುಳಿದಳು, ಬಾಯಿ ಮುಕ್ಕಳಿಸಿದಳು. ತನ್ನ ಬಾಯಿಯ ದೆಸೆಯಿಂದ ಬಸುರಿ ಮಗಳು ಮಾತು ಅನ್ನಿಸಿಕೊಂಡು ಬದುಕುತ್ತಿದ್ದಾಳೆ ಎಂಬುದು ಅವಳಿಗೆ ಮೈಮೇಲೆ ಕುದಿನೀರು ಬಿದ್ದಷ್ಟು ಚುರುಕ್ಕೆಂದಿತು. ಮರುದಿನ ಬೆಳಿಗ್ಗೆ ಆಳಂದದ ಬಸ್ಸು ಹತ್ತಿದಳು.

ಆಸ್ಪತ್ರೆಯಲ್ಲಿ ಮಸರತ ಎಂಬ ನರ್ಸಮ್ಮ ಇದ್ದಳು. ಸುಭದ್ರಾಬಾಯಿ ಸೆರಗಿನೊಳಗಿಂದಲೇ, "ನಮ್ಮ ಬಾಜೂ ಮನಿ ಹೆಂಗಸಿಗಿ ಬಾಯಿ ತೆರಿಯಂಗಿಲ್ರಿ. ಔಷಧ ಕೊಡ್ರಿ, ಒಯ್ದು ಕೊಡ್ತೇನಿ" ಎಂದಳು.

ಮಸರತ ಅವಳನ್ನೇ ನೋಡಿದಳು. "ಬಾಜೂ ಮನಿ ಅಮ್ಮಗ ಬರ್ಲಿಕ್ಕ ಆಗಲಿಲ್ಲೇನು?"

"ಆಕಿಗಿ ನಾಚಿಕಿ ಬರ್ತದರಿ."

"ಹಂಗಾದ್ರ ಆಕಿ ಬದಲಿ ನೀವ ಬಾಯಿ ತೆರದು ತೋರಸ್ರಿ" ಎಂದು ಮಸರತ ಬಾಗಿಲಿಗೆ ಪರದೆ ಎಳೆದಳು.

ಸೆರಗು ಸರಿಯಿತು. ಮಸರತ ಮೂಗು ಮುರಿಯಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ಡಾಕ್ಟರು ಬಂದು ನೋಡಿ, ಹುಣ್ಣು ಗಿಣ್ಣು ಕೆಟ್ಟದ್ದೇನೂ ಕಾಣುವುದಿಲ್ಲ, ಆದರೆ ಗುಟಕಾ ಇವತ್ತೇ ನಿಲ್ಲಬೇಕು ಎಂದು ಖಡಾಖಂಡಿತ ಹೇಳಿ ಹೋದರು. ಮಸರತ ತನ್ನ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ತನ್ನ ಹಲ್ಲುಗಳ ನಡುವೆ ಇಟ್ಟು ತೋರಿಸಿದಳು. ನೆಟ್ಟಗಿರುವ ಬಾಯಿ ಇಷ್ಟು ತೆರೆಯಬೇಕು. ಸುಭದ್ರಾಬಾಯಿಗೆ ಒಂದು ಬೆರಳೇ ಕಷ್ಟಪಟ್ಟು ಹೋಯಿತು.

"ಮೊದಲಿನಂಗ ಪೂರಾ ಆಗ್ತದಂತ ನಾ ಸುಳ್ಳ ಹೇಳಂಗಿಲ್ಲಮ್ಮಾ. ಗುಟಕಾ ಬಿಟ್ರ ಬಿಗಿಯೋದು ನಿಲ್ಲತದ. ಕಸರತ್ತು ಮಾಡಿದ್ರ ಜರಾ ಸಡಿಲ ಆಗ್ತದ. ಐಸ್‌ಕ್ರೀಮ್ ಕಡ್ಡಿ ನೋಡೀರಿಲ್ಲ? ಒಂದರ ಮ್ಯಾಲೊಂದು ಜೋಡಿಸಿ ಹಲ್ಲಿನ ನಡುವ ಇಟ್ಕೊಂಡು ಕೂಡ್ರಿ. ಜುಮ್ ಅನ್ನಬೇಕು, ರಗತ ಬರಬಾರದು. ರೂಢಿ ಆತಂದ್ರ ಇನ್ನೊಂದು ಕಡ್ಡಿ ಸೇರಸ್ರಿ."

"ನನ್ನ ಕೈಲೆ ಆಗಂಗಿಲ್ರಿ ಸಿಸ್ಟರ್. ನಾ ಏನಕ್ಕೂ ಬರಲಾರದಾಕಿ."

"ಕಾಲು ಮುರದು ಬಂದವರು, ನಾ ಏನಕ್ಕೂ ಬರಲಾರದಾಕಿ ಅಂತ ಹೇಳೋದು ನಾ ಒಮ್ಮಿನೂ ಕೇಳಿಲ್ಲ ನೋಡ್ರಿ. ಎಂದ ನಡಿಯಬೇಕು ಅಂತ ಕೇಳತಾರ. ನೀವೂ ಅದನ್ನ ಕೇಳ್ರಿ."

ಕೇಳಲಿಕ್ಕೆ ಚಂದವಾದ ಮಾತು. ಸುಭದ್ರಾಬಾಯಿ ಅದನ್ನು ಪೂರ್ತಿ ನಂಬಲಿಲ್ಲ. ಆದರೆ ಕಡ್ಡಿಯನ್ನು ನಂಬಿದಳು. ಅವಳು ಕಸ ತೆಗೆದು ಬದುಕಿದವಳು. ದಿನಾ ಬಗ್ಗಿದರೆ ಹೊಲದ ಆ ತುದಿ ಬಂದೇ ಬರುತ್ತದೆ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಡ್ಡಿ ತಂದವನು ನಾಗಣ್ಣ. ಶಾಲೆಯ ಮುಂದೆ ಐಸ್ ಮಾರುವವನ ಹತ್ತಿರ ಹೋಗಿ, "ಮೊಮ್ಮಗ ಆಟ ಆಡತಾನ" ಎಂದು ಹೊಸ ಕಡ್ಡಿಗಳ ಕಟ್ಟೊಂದನ್ನು ತಂದ. ಆ ಮೊಮ್ಮಗನೋ ಮೊಮ್ಮಗಳೋ ಇನ್ನೂ ತಾಯಿಯ ಹೊಟ್ಟೆಯಲ್ಲಿ ನೆಟ್ಟಗೆ ಕೂತೂ ಇರಲಿಲ್ಲ. ಆದರೆ ಅವನ ಅಂಗಿಯ ಕಿಸೆಯಲ್ಲಿ ಗುಟಕಾ ಹಾಗೇ ಇತ್ತು. ಹೆಂಡತಿಯ ಎದುರಿಗೆ ತಿನ್ನಬಾರದೆಂದು ಹೊರಗೆ ಹೋಗಿ ತಿಂದು ಬರುತ್ತಿದ್ದ; ಬಂದು ಅಂಗಿಯನ್ನು ಗೂಟಕ್ಕೆ ನೇತು ಹಾಕುತ್ತಿದ್ದ. ಮನೆಯಲ್ಲಿ ಎಲ್ಲಿ ಕೂತರೂ ಆ ಗೂಟ ಅವಳ ಕಣ್ಣಿಗೆ ಬೀಳುತ್ತಿತ್ತು.

ಮೊದಲ ದಿನಗಳ ಪಾಡು ಹೇಳತೀರದು. ತಲೆ ಸಿಡಿಯುತ್ತಿತ್ತು, ಗುಂಡಿ ಹಾಕದ ಅಂಗಿಗೂ ಬೀಳದ ಬಾಗಿಲ ಚಿಲಕಕ್ಕೂ ಸಿಟ್ಟು ಬರುತ್ತಿತ್ತು. ಬಾಯಿ ಖಾಲಿ ಎನಿಸಿದಾಗೆಲ್ಲ ಲವಂಗ ಕಚ್ಚಿದಳು, ಸೋಂಪು ಅಗಿದಳು. ಬೆಳಿಗ್ಗೆ ಒಲೆಗೆ ನೀರಿಟ್ಟು ಕಡ್ಡಿ ಬಾಯಿಗಿಟ್ಟರೆ ನೀರು ಕುದಿಯುವ ತನಕ ತೆಗೆಯುತ್ತಿರಲಿಲ್ಲ. ದವಡೆ ಹರಿದಂತಾಗಿ ಕಣ್ಣೀರು ತಾನೇ ಇಳಿಯುತ್ತಿತ್ತು. ಹಾಗೆ ಗಣೇಶ ಚೌತಿ ಹೋಯಿತು, ದಸರಾ ಹೋಯಿತು. ಕಡ್ಡಿಯ ಕಟ್ಟು ದಪ್ಪವಾಗುತ್ತಾ ಬಂತು. ಬೆರಳು ಒಂದೂವರೆ ಹಿಡಿಯತೊಡಗಿತು. ಒಂದು ದಿನ ರೊಟ್ಟಿಯ ತುತ್ತನ್ನು ನೆನೆಸದೆ ಬಾಯಿಗಿಟ್ಟು ಅಗಿದಳು. ಕಟಕಟ ಸದ್ದು ತಾನೇ ಕೇಳಿ ಖುಷಿಪಟ್ಟಳು.

ಆ ಧೈರ್ಯದಲ್ಲಿ ಮಗಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಉಪವಾಸ ಸುಳ್ಳು, ಹಲ್ಲುಬೇನೆ ಸುಳ್ಳು, ಬಾಯೇ ತೆರೆಯುತ್ತಿರಲಿಲ್ಲ ಎಂಬುದು ಖರೆ.

"ಯವ್ವಾ, ಇದನ್ನ ಇಲ್ಲಿ ಯಾರಿಗೂ ಹೇಳಬ್ಯಾಡ" ಎಂದಳು ಮಗಳು. "ಅತ್ತಿಗಂತೂ ಬ್ಯಾಡೇ ಬ್ಯಾಡ. ಸೊಕ್ಕಿನ ಬೀಗತಿ ಅಂದ್ರ ತಡ್ಕೊಂಡೇನಿ. ಗುಟಕಾ ತಿನ್ನೋ ಬೀಗತಿ ಅಂದ್ರ ನಾ ಇಲ್ಲಿ ಹೆಂಗ ಬಾಳೇ ಮಾಡ್ಲಿ?"

ಮಗಳದೇನು ತಪ್ಪು? ಅವಳೂ ಅದೇ ತಕ್ಕಡಿಯ ಊರಿನವಳು. ಆದರೆ ಸುಭದ್ರಾಬಾಯಿಯ ಎದೆಯಲ್ಲಿ ಏನೋ ಮುರಿಯಿತು. ಇಷ್ಟು ದಿನದ ಕಡ್ಡಿ, ಕಣ್ಣೀರು ಎಲ್ಲ ಆದ ಮೇಲೂ ತಾನು ಬಚ್ಚಿಡಬೇಕಾದ ವಸ್ತುವೇ. ಫೋನಿಟ್ಟು ಎದ್ದಳು. ಗೂಟದಲ್ಲಿ ನಾಗಣ್ಣನ ಅಂಗಿ ಇತ್ತು. ಕಿಸೆಗೆ ಕೈ ಹಾಕಿದಳು.

ಪಾಕೀಟು ಹರಿದದ್ದು, ಬಾಯಿಗೆ ಸುರಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಅದರ ರುಚಿ. ಆ ರುಚಿಗೆ ಮೈಯೆಲ್ಲ ಹಗುರಾಯಿತು. ಮರುಗಳಿಗೆಯಲ್ಲೇ ಕೆನ್ನೆ ಬೆಂಕಿ ಇಟ್ಟಂತೆ ಉರಿಯಿತು. ಉಗುಳಿ ಬಂದಳು. ಆದರೂ ಇನ್ನೊಂದು ಬೇಕೆನಿಸಿತು. ಆದದ್ದು ಆಗಿ ಹೋಯಿತು, ತಾನು ಇಷ್ಟೇ, ಇನ್ನು ಬಿಟ್ಟರೆಷ್ಟು ತಿಂದರೆಷ್ಟು? ಅಂಗಡಿಗೆ ಹೋದರೆ ಮಂದಿ ನೋಡುತ್ತಾರೆ ಎಂದು ಖಾಸೀಂಬಿಯ ಮನೆಗೆ ನಡೆದಳು.

ಖಾಸೀಂಬಿ ಅವಳ ಹೊಲದ ಜೊತೆಗಾತಿ. ಒಂದೇ ಸಾಲಿನಲ್ಲಿ ಕೂತು ಕಸ ತೆಗೆದವರು, ಒಂದೇ ಪಾಕೀಟು ಹಂಚಿಕೊಂಡು ತಿಂದವರು. ಸುಭದ್ರಾಬಾಯಿ ಗುಟಕಾ ಬಿಟ್ಟದ್ದೂ ಕಡ್ಡಿ ಹಿಡಿದದ್ದೂ ಊರಿನಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಬಾಗಿಲಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದವಳು ಸುಭದ್ರಾಬಾಯಿಯ ತುಟಿ ನೋಡಿದ ಕೂಡಲೇ ಮೊರ ಕೆಳಗಿಟ್ಟಳು.

"ತಿಂದಿಯೇನಕ್ಕಾ?"

"ತಿಂದೆ. ಇನ್ನೊಂದ ಇದ್ರ ಕೊಡು ಬೇ."

"ಇಲ್ಲ."

"ಸುಳ್ಳ ಹೇಳಬ್ಯಾಡ. ನಿನ್ನ ಕಡಿ ಇರಲಾರದ ದಿನಾ ಅದ ಏನು?"

ಖಾಸೀಂಬಿ ಒಳಗೆ ಹೋಗಿ ಒಂದು ಸ್ಟೀಲಿನ ಡಬ್ಬಿ ತಂದು ಅವಳ ಮುಂದೆ ಬಡಿದಿಟ್ಟಳು. ಅದರೊಳಗೆ ಐಸ್‌ಕ್ರೀಮ್ ಕಡ್ಡಿಗಳಿದ್ದವು.

"ನೋಡು. ನಂದೂ ಬಾಯಿ ಬಿಗಿ ಹಿಡ್ಯಾಕತ್ತದ, ಯಾರಿಗೂ ಹೇಳಿಲ್ಲ. ನೀ ಬಿಟ್ಟಿ ಅಂತ ನಾನೂ ಮೊಹರಮ್ ಖತಲ ರಾತ್ರಿ ಆಣಿ ಮಾಡಿದಂಗ ಆಣಿ ಮಾಡಿ ಬಿಟ್ಟೀನಿ. ಆ ಐಸಿನ ಇಮಾಮಸಾಬ ನನ್ನ ಮೋತಿ ನೋಡಿ, ಹಿಪ್ಪರಗಾಕ ಏನ ಹುಚ್ಚ ಹಿಡದದ, ಎಲ್ಲಾರೂ ಐಸ್ ಬಿಟ್ಟು ಕಡ್ಡಿ ಕೇಳಾಕತ್ತೀರಿ ಅಂದ. ಸುಭದ್ರಕ್ಕನ ಕೈಲೆ ಆದ್ರ ನನ್ನ ಕೈಲೆ ಯಾಕಾಗಂಗಿಲ್ಲ ಅಂತ ನಾ ಕೂತೀನಿ. ಈಗ ನೀನ ಬಂದು ಪುಡಿ ಕೇಳತಿ!" ಅವಳಿಗೆ ಸಿಟ್ಟು ಎಷ್ಟು ಬಂದಿತ್ತೆಂದರೆ ಅಳುವೂ ಬಂದಿತ್ತು. "ನೀ ಬಿದ್ರ ನಾ ಯಾರನ್ನ ನೋಡಿ ಏಳಲಿ? ಹೇಳು, ಯಾರನ್ನ ನೋಡಿ ಏಳಲಿ?"

ಸುಭದ್ರಾಬಾಯಿ ಬೆರಗಾಗಿ ನಿಂತಳು. ತನ್ನನ್ನು ನೋಡಿ ಯಾರಾದರೂ ಏನಾದರೂ ಕಲಿಯುತ್ತಾರೆ ಎಂಬ ಮಾತು ಅವಳ ಕನಸಿನಲ್ಲೂ ಬಂದದ್ದಲ್ಲ. ಇಷ್ಟು ದಿನ ಯಾರೂ ನೋಡಬಾರದೆಂದು ಸೆರಗು ಮುಚ್ಚಿಕೊಂಡು ಓಡಾಡಿದವಳು. ಆ ಸೆರಗಿನ ಆಚೆ ಒಬ್ಬಳು ತನ್ನನ್ನೇ ನೋಡುತ್ತಾ ಕೂತಿದ್ದಳು. ಅಲ್ಲೇ ಬಾಗಿಲಲ್ಲಿ ಕುಸಿದು ಕೂತು, ಖಾಸೀಂಬಿಯ ಚರಿಗೆಯ ನೀರಿನಲ್ಲಿ ಬಾಯಿ ತೊಳೆದಳು. ಆಮೇಲೆ ಮೊರ ಎಳೆದುಕೊಂಡು, ಅವಳ ಜೊತೆ ಬೇಳೆ ಆರಿಸಿದಳು. ಮನೆಗೆ ಬಂದು ನಾಗಣ್ಣನಿಗೆ ಹೇಳಿದ್ದು ಒಂದೇ ಮಾತು.

"ನಾಳಿಂದ ಈ ಮನ್ಯಾಗ ಒಂದರೆ ಗೂಟ ಇರಬೇಕು, ಒಂದರೆ ನಾ ಇರಬೇಕು."

ನಾಗಣ್ಣ ಗೂಟ ಕೀಳಲಿಲ್ಲ. ಕಿಸೆ ಖಾಲಿ ಮಾಡಿದ. ಗಿರಣಿಯಲ್ಲಿ ತಿನ್ನುವುದನ್ನು ಬಿಟ್ಟನೋ ಇಲ್ಲವೋ, ಆ ದೇವರಿಗೇ ಗೊತ್ತು. ಮನೆಗಂತೂ ಮತ್ತೆ ತರಲಿಲ್ಲ.

ಕುಬಸದ ದಿನ ಹತ್ತಿರ ಬಂತು. ಸುಭದ್ರಾಬಾಯಿಯ ಬಾಯಲ್ಲಿ ಈಗ ಎರಡು ಬೆರಳು ಹಿಡಿಯುತ್ತಿದ್ದವು. ಆದರೆ ಉಂಡಿಯ ಲೆಕ್ಕ ಬೇರೆ. ಮನೆಯಲ್ಲಿ ಅಷ್ಟೇ ದಪ್ಪದ ಉಂಡಿ ಕಟ್ಟಿ ಹಿಡಿದು ನೋಡಿದಳು, ಹೋಗಲಿಲ್ಲ. ಆಗ ಖಾಸೀಂಬಿಯೇ ಒಂದು ಉಪಾಯ ಹೇಳಿದಳು. ಗೋಲಿಗಿಂತ ಒಂಚೂರು ದೊಡ್ಡ ಉಂಡಿ ಕಟ್ಟಿ ಡಬ್ಬಿಯಲ್ಲಿ ಒಯ್ಯುವುದು. ಹೊತ್ತಿಗೆ ಸರಿಯಾಗಿ ಭಾಗ್ಯಜ್ಯೋತಿ, "ಅತ್ತೀ, ಇದು ನಮ್ಮವ್ವ ತವರುಮನಿಯಿಂದ ತಂದದ್ದು, ಇದನ್ನ ಹಾಕ್ರಿ" ಎಂದು ಅತ್ತೆಯ ಕೈಗಿಡುವುದು. ಉಂಡಿ ತಿಂದಂತೆಯೂ ಆಯಿತು, ಗುಟ್ಟು ಉಳಿದಂತೆಯೂ ಆಯಿತು. ಮಗಳೂ ಫೋನಿನಲ್ಲಿ ಒಪ್ಪಿದಳು. ಸಣ್ಣ ಉಂಡಿಗಳ ಡಬ್ಬಿ, ಹೋಳಿಗೆ, ಕರಿಗಡುಬು, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಹಸಿರು ಸೀರೆ, ಡಜನ್ನುಗಟ್ಟಲೆ ಹಸಿರು ಬಳೆ, ಎಲ್ಲ ಗಂಟು ಕಟ್ಟಿಕೊಂಡು ಗಂಡ ಹೆಂಡತಿ, ಖಾಸೀಂಬಿ ಬಸ್ಸು ಬದಲಿಸುತ್ತಾ ಜೇವರ್ಗಿ ಮುಟ್ಟಿದರು.

ಜಗದೇವಿಯ ಮನೆಯ ಪಡಸಾಲೆ ಹೆಂಗಸರಿಂದ ಗಿಜಿಗುಡುತ್ತಿತ್ತು. ಜಗದೇವಿ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟಳು, ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ಆದರೆ ಕೇಳಿದ್ದು ಹೀಗೆ: "ಬರ್ರಿ ಬೀಗರ. ಇವತ್ತೇನೂ ಉಪಾಸ ಇಲ್ಲಲ್ರಿ?"

"ಇಲ್ರಿ" ಎಂದಳು ಸುಭದ್ರಾಬಾಯಿ, ಸೆರಗಿನೊಳಗಿಂದ.

ಭಾಗ್ಯಜ್ಯೋತಿಗೆ ಹಸಿರು ಸೀರೆ ಉಡಿಸಿ ಕುರ್ಚಿಯಲ್ಲಿ ಕೂರಿಸಿದರು. ಬಳೆ ತೊಡಿಸಿದರು, ಉಡಿ ತುಂಬಿದರು. ಹಾಡಾಯಿತು. ಆಮೇಲೆ ಜಗದೇವಿ ಒಳಗೆ ಹೋಗಿ ತಾಟು ತಂದಳು. ತಾಟಿನಲ್ಲಿ ಒಂದೇ ಒಂದು ಉಂಡಿ. ಮದುವೆಯ ಉಂಡಿಗಿಂತ ದೊಡ್ಡದು. ಹೆಂಗಸರು ಪಿಸುಗುಟ್ಟಿದರು, ಕೆಲವರು ಮಜಾ ನೋಡಲು ಮುಂದೆ ಸರಿದು ಕೂತರು. ಮಗಳು ತಾಯಿಯ ಕಡೆ ಕಣ್ಣು ಮಾಡಿ, ಮಡಿಲಲ್ಲಿದ್ದ ಸಣ್ಣ ಉಂಡಿಗಳ ಡಬ್ಬಿಯ ಮುಚ್ಚಳ ತೆಗೆದಳು.

ಜಗದೇವಿ ಎದುರು ಬಂದು ನಿಂತಳು. ಎಲ್ಲರಿಗೂ ಕೇಳದ ಹಾಗೆ ದನಿ ತಗ್ಗಿಸಿದಳು.

"ಬೀಗರ, ನಮ್ಮತ್ತಿ ನನಗ ಈ ಉಂಡಿ ಕಟ್ಟೋದು ಕಲಿಸಿದ್ರು. ಯಾರೂ ಇದನ್ನ ತಿರುಗಿ ಕಳಿಸಿದ್ದಿಲ್ಲ. ಆವತ್ತ ನಾ ಒಳಗ ಹೋಗಿ ಅತ್ತೇನ್ರಿ. ನಾ ಏನ ಕಡಿಮಿ ಮಾಡಿದ್ದೆ ಅಂತ ಇವತ್ತಿಗೂ ನನಗ ತಿಳಿದಿಲ್ಲ. ಇವತ್ತ ತಿರುಗಿ ಕಳಸಬ್ಯಾಡ್ರಿ."

ಸುಭದ್ರಾಬಾಯಿ ತಲೆ ಎತ್ತಿ ನೋಡಿದಳು. ವರ್ಷವಿಡೀ ತಾನು ಜಗದೇವಿಯ ಸೊಕ್ಕು ಎಂದುಕೊಂಡದ್ದು ನೋವಾಗಿತ್ತು. ತಾನು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡರೆ, ಈಕೆ ತನ್ನ ಕೈಯಲ್ಲೇ ಏನೋ ಕೊರತೆ ಇದೆ ಎಂದು ಒಂದು ವರ್ಷ ಕೊರಗಿದ್ದಾಳೆ. ಆ ಕೊರಗನ್ನೇ ಭಾಗ್ಯಜ್ಯೋತಿಯ ಮೇಲೆ ತೀರಿಸಿಕೊಂಡಿದ್ದಾಳೆ. ಈಗ ಗೋಲಿಯಷ್ಟು ಉಂಡಿ ತಿಂದರೆ ಅದು ಇನ್ನೊಂದು ಉಪವಾಸವೇ.

"ಅತ್ತೀ, ಇದು ನಮ್ಮವ್ವ ತಂದ..." ಎಂದು ಭಾಗ್ಯಜ್ಯೋತಿ ಶುರು ಮಾಡಿದಳು.

"ಅದನ್ನ ಮುಚ್ಚಿಡು ತಂಗಿ" ಎಂದಳು ಸುಭದ್ರಾಬಾಯಿ.

ಅವಳು ಸೆರಗನ್ನು ಮುಖದಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಮಗಳು ಬೇಡ ಎಂದು ಕಣ್ಣಲ್ಲೇ ಬೇಡುತ್ತಿದ್ದದ್ದು ಕಾಣಿಸಿತು. ಕಂಡರೂ ನಿಲ್ಲಲಿಲ್ಲ. ಬಾಯಿ ತೆರೆದಳು, ಎಷ್ಟಾಗುತ್ತದೋ ಅಷ್ಟು. ಎರಡು ಬೆರಳು ಇಟ್ಟು ಎಲ್ಲರಿಗೂ ತೋರಿಸಿದಳು.

"ನೋಡ್ರಿ ಬೀಗರ. ನನ್ನ ಬಾಯಿ ಇಷ್ಟೇ ತೆರೀತದ. ಮದುವ್ಯಾಗ ಇಷ್ಟೂ ತೆರಿತಿದ್ದಿಲ್ಲ. ಉಪಾಸ ಇದ್ದಿಲ್ರಿ, ಸುಳ್ಳ ಹೇಳಿದೆ. ನಾ ಗುಟಕಾ ತಿಂತಿದ್ದೆ. ಭಾಳ ವರ್ಷ ತಿಂದೇನಿ. ಬಾಯಿ ಬಿಗಿ ಹಿಡಿತು, ನಿಮ್ಮ ಮುಂದ ನಾಚಿಕಿ ಬಂತು. ನಿಮ್ಮ ಉಂಡ್ಯಾಗ ಕಡಿಮಿ ಇದ್ದಿಲ್ಲ, ನಿಮ್ಮ ಕೈಯಾಗ ಕಡಿಮಿ ಇದ್ದಿಲ್ಲ. ಶ್ರಾವಣದಾಗ ಬಿಟ್ಟೇನಿ. ನಡುವ ಒಮ್ಮಿ ಬಿದ್ದೇನಿ, ಮತ್ತ ಎದ್ದೇನಿ. ಇನ್ನ ಅನ್ನೋದಿದ್ರ ನನ್ನ ಅನ್ರಿ, ನನ್ನ ಮಗಳಿಗಿ ಅನಬ್ಯಾಡ್ರಿ."

ಜಗದೇವಿಯ ಮುಖದಲ್ಲಿ ಏನೇನೋ ಬಂದು ಹೋಯಿತು. ಭಾಗ್ಯಜ್ಯೋತಿ ತಲೆ ತಗ್ಗಿಸಿ ಹಸಿರು ಬಳೆಗಳನ್ನೇ ನೋಡುತ್ತಿದ್ದಳು. ಕೊನೆಗೆ ಜಗದೇವಿ, "ಆವತ್ತೇ ಹೇಳಬಾರದೇನ್ರಿ?" ಎಂದು ಮೆಲ್ಲಗೆ ಅಂದು, ಉಂಡಿಯನ್ನು ಮುರಿಯಲು ಇನ್ನೊಂದು ಕೈ ತಂದಳು.

ಸುಭದ್ರಾಬಾಯಿ ಆ ಕೈ ಹಿಡಿದಳು. "ಮುರೀಬ್ಯಾಡ್ರಿ."

"ಹೋಗಂಗಿಲ್ಲಲ್ರಿ ಮತ್ತ?"

"ಒಮ್ಮಿಲೇ ಹೋಗಂಗಿಲ್ಲ. ನಿಂದ್ರುತ ನಿಂದ್ರುತ ಹೋಗ್ತದ. ನೀವು ಹಿಡ್ಕೊಂಡು ನಿಂದ್ರಬೇಕು, ಅಷ್ಟೇ."

ಜಗದೇವಿ ಹಿಡಿದು ನಿಂತಳು. ಸುಭದ್ರಾಬಾಯಿ ಉಂಡಿಯ ಅಂಚಿಗೆ ಹಲ್ಲು ಹಚ್ಚಿದಳು. ತುಪ್ಪ ಬಿಗಿದಿದ್ದ ಉಂಡಿ ಸುಲಭಕ್ಕೆ ಬಗ್ಗುವಂಥದ್ದಲ್ಲ. ಇಲಿ ಕೊಬ್ಬರಿ ಕೊರೆದಂತೆ ಒಂದು ಚೂರು ಕಡಿದಳು, ಅಗಿದಳು, ನುಂಗಿದಳು. ಮತ್ತೆ ಬಾಯಿ ತೆರೆದಳು. ಕೆನ್ನೆಯ ಒಳಗೆ ಎಳೆದಂತಾಗಿ ಕಣ್ಣಲ್ಲಿ ನೀರು ಬಂತು. ಆ ನೀರು ಒರೆಸಿಕೊಳ್ಳಲಿಲ್ಲ. ಮೊದಲು ಹೆಂಗಸರು ಉಸಿರು ಹಿಡಿದು ನೋಡಿದರು. ಆಮೇಲೆ ಉಸಿರು ಹಿಡಿದು ಸಾಕಾಗಿ ಒಬ್ಬ ಮುದುಕಿ ಬೀಗರ ಹಾಡು ಎತ್ತಿದಳು. ಹಾಡು ಮುಗಿಯಿತು, ಉಂಡಿ ಮುಗಿಯಲಿಲ್ಲ. ಇನ್ನೊಂದು ಹಾಡು ಎತ್ತಿದರು. ಜಗದೇವಿಯ ಕೈ ಸೋತಿತು. ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟು ನಿಂತಳು, ಉಂಡಿ ಕೆಳಗಿಳಿಸಲಿಲ್ಲ. ಗಂಡಸರ ಕಡೆಯಿಂದ, "ಊಟಕ್ಕ ಎಷ್ಟೊತ್ತು?" ಎಂಬ ಕೂಗು ಬಂತು. ಖಾಸೀಂಬಿ ಬಾಗಿಲಿಗೆ ಹೋಗಿ, "ಜರಾ ತಡೀರಿ! ಒಳಗ ಜರೂರ್ ಕೆಲಸ ನಡದದ" ಎಂದು ಗದರಿ ಬಂದಳು.

ಕೊನೆಯ ಚೂರು ಜಗದೇವಿಯ ಅಂಗೈಗೆ ಅಂಟಿತ್ತು. ಸುಭದ್ರಾಬಾಯಿ ಅದನ್ನೂ ಬಿಡಲಿಲ್ಲ.

"ಆತ್ರಿ" ಎಂದಳು. ಬೆವರಿದ್ದಳು. ದವಡೆ ಥರಥರ ನಡುಗುತ್ತಿತ್ತು. ಬರೀ ಬಾಯಲ್ಲಿ, ಸೆರಗಿಲ್ಲದೆ, ಅಷ್ಟು ಮಂದಿಯ ನಡುವೆ ನಿಂತಿದ್ದಳು.

"ಹೆಸರು ಹೇಳ್ರಿ, ಗಂಡನ ಹೆಸರು! ಒಡಪು ಹಾಕಿ ಹೇಳಬೇಕು!" ಎಂದು ಮುದುಕಿ ಕೂಗಿದಳು. ಮದುವೆಯಲ್ಲಿ ಅದೂ ಉಳಿದಿತ್ತಲ್ಲ. ಸುಭದ್ರಾಬಾಯಿ ಒಂದು ಗಳಿಗೆ ಯೋಚಿಸಿ, ಪಡಸಾಲೆಯ ಕೊನೆಯವರಿಗೂ ಕೇಳುವ ಹಾಗೆ ಹೇಳಿದಳು:

"ಹಿಪ್ಪರಗಾ ಗಿರಣ್ಯಾಗ ಜ್ವಾಳದ ಹಿಟ್ಟು, ನಾಗಣ್ಣನವರು ತಂದಾರ ನನಗ ಐಸ್‌ಕಡ್ಡಿ ಕಟ್ಟು!"

ಯಾರಿಗೂ ಅರ್ಥವಾಗಲಿಲ್ಲ. ಖಾಸೀಂಬಿ ಬಿದ್ದು ಬಿದ್ದು ನಕ್ಕಳು. ಅವಳ ನಗು ನೋಡಿ ಎಲ್ಲರೂ ನಕ್ಕರು. ಐಸ್‌ಕಡ್ಡಿಯ ಕಥೆ ಹೇಳಿಸಿಕೊಂಡ ಮೇಲೆ ಮತ್ತೊಮ್ಮೆ ನಕ್ಕರು. ಜಗದೇವಿ ಕೈ ತೊಳೆದು ಬಂದು ಬಾಯಿ ತೆರೆದು ನಿಂತಳು.

"ಈಗ ನನ್ನ ಪಾಳಿ. ಹಾಕ್ರಿ."

ಸುಭದ್ರಾಬಾಯಿ ಸುತ್ತ ನೋಡಿದಳು. ಅವಳು ತಂದ ಉಂಡಿ ಎಂದರೆ ಡಬ್ಬಿಯಲ್ಲಿದ್ದ ಗೋಲಿಗಳೇ. ಬೇರೆ ದಾರಿಯಿಲ್ಲದೆ ಅದರಲ್ಲೊಂದನ್ನು ಎತ್ತಿ ಹಿಡಿದಳು. ಜಗದೇವಿ ಒಂದು ಕಣ್ಣು ತೆರೆದು ನೋಡಿದಳು.

"ಇದೇನ್ರಿ ಬೀಗರ? ನಾ ತೆಂಗಿನಕಾಯಿ ಅಷ್ಟು ಕಟ್ಟಿದ್ರ, ನೀವು ಕಡ್ಲಿಕಾಳಷ್ಟು ತಂದೀರಿ! ಆಳಂದದ ಕಂಜೂಸ್ ಮಂದಿ!"

ಆಗ ಸುಭದ್ರಾಬಾಯಿ ನಕ್ಕಳು. ಕೈ ಅಭ್ಯಾಸದಂತೆ ಸೆರಗು ಹುಡುಕಿತು, ಸೆರಗು ಸೊಂಟದಲ್ಲಿತ್ತು. ಕೈ ಅಲ್ಲೇ ಬಿಟ್ಟು ನಕ್ಕಳು, ಕಂದು ಹಿಡಿದ ಹಲ್ಲೆಲ್ಲ ಕಾಣುವ ಹಾಗೆ. ಎಷ್ಟೋ ವರ್ಷಗಳ ಮೇಲೆ ತಾಯಿಯ ನಗು ನೋಡಿದ ಭಾಗ್ಯಜ್ಯೋತಿ ಕುರ್ಚಿಯಿಂದ ಎದ್ದು ಬಂದು, ಅವಳ ಮುಖವನ್ನು ಹಸಿರು ಬಳೆಯ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಯವ್ವಾ, ನಾ ಬ್ಯಾಡ ಅಂದಿದ್ದೆ. ಅನಬಾರದಿತ್ತು" ಎಂದಳು.

ಜಗದೇವಿ ಡಬ್ಬಿಯನ್ನೇ ಕಸಿದುಕೊಂಡು ಗೋಲಿಗಳನ್ನು ಒಂದೊಂದಾಗಿ ಬಾಯಿಗೆ ಎಸೆದುಕೊಳ್ಳತೊಡಗಿದಳು. ಕೆನ್ನೆ ಉಬ್ಬಿಸಿಕೊಂಡೇ ಮಾತಾಡಿದಳು.

"ತೊಟ್ಟಿಲ ಕಾರ್ಯಕ್ಕ ನಾವು ಹಿಪ್ಪರಗಾಕ ಬರ್ತೇವಿ. ಆವತ್ತ ನನಗ ಬರಾಬರ್ ದೊಡ್ಡ ಉಂಡಿ ಬೇಕು ನೋಡ್ರಿ. ನಾನೂ ತರ್ತೇನಿ. ಇವತ್ತಿಂದಕಿಂತ ದೊಡ್ಡದು."

"ತರ್ರಿ" ಎಂದಳು ಸುಭದ್ರಾಬಾಯಿ. "ಅಷ್ಟೊತ್ತಿಗಿ ಇನ್ನೊಂದೆರಡು ಕಡ್ಡಿ ಏರಿಸಿರ್ತೇನಿ."